ನಿಮಗಿದು ಗೊತ್ತೆ? ‘ಬರಾಕತ್ತೈತಿ’ಯೊಳಗೆ ಮೂರು ಕ್ರಿಯಾಪದ

ನವಲಗುಂದ, ಅಣ್ಣಿಗೇರಿ ಕಡೆ ‘ಮಳಿ ಬರಾಕತ್ತೈತಿ’ ಎನ್ನುತ್ತಾರೆ. ಕೇಳಲು ಒಂದೇ ಪದ. ಬಿಡಿಸಿದರೆ ‘ಬರಲಿಕ್ಕೆ ಹತ್ತಿ ಐತಿ’. ‘ಹತ್ತು’ ಎಂದರೆ ಇಲ್ಲಿ ಶುರುವಾಗು, ತೊಡಗು. ವೇಗದ ಮಾತಿನಲ್ಲಿ ಹಕಾರ ಉದುರಿಹೋಗಿದೆ, ಅರ್ಥ ಮಾತ್ರ ಗಟ್ಟಿಯಾಗಿ ನಿಂತಿದೆ. ಬಿತ್ತಾಕತ್ತಾರ, ಉಣ್ಣಾಕತ್ತಾಳ ಎಲ್ಲವೂ ಇದೇ ಅಚ್ಚಿನವು. ಧಾರವಾಡ ಪೇಟೆಯ ಕೆಲವು ಮನೆಗಳಲ್ಲಿ ‘ಬರ್ಲಿಕ್ಕತ್ತದ’ ಎಂಬ ರೂಪವೂ ಕಿವಿಗೆ ಬೀಳುತ್ತದೆ.

ಧಾತುವಿನ ಗಡಿಯೂ ಉಚ್ಚಾರದ ಗಡಿಯೂ ಒಂದೇ ಕಡೆ ಬೀಳುವುದಿಲ್ಲ. ಧಾತು ‘ಬರ್’, ಬಾಯಿ ಮುರಿಯುವುದು ಬ-ರಾ-ಕತ್-ತೈ-ತಿ ಎಂದು. ಬರೆಯುವಾಗ ‘ತ್ತೈ’ ಒಂದೇ ಅಕ್ಷರ, ಆದರೆ ಮೊದಲ ತಕಾರ ಹಿಂದಿನ ‘ಕ’ಕ್ಕೆ ಆತುಕೊಳ್ಳುತ್ತದೆ. ಒತ್ತಕ್ಷರದ ಹಿಂದಿನ ಅಕ್ಷರ ಗುರು ಎಂದು ಶಾಲೆಯಲ್ಲಿ ಬಾಯಿಪಾಠ ಮಾಡಿಸುವುದು ಇದನ್ನೇ. ಪ್ರಸ್ತಾರ ಹಾಕಿ ನೋಡಿ: ಬರಾಕತ್ತೈತಿಗೆ 8 ಮಾತ್ರೆ, ಪುಸ್ತಕದ ‘ಬರುತ್ತಿದೆ’ಗೆ ಬರೀ 5.

ಸ್ಪ್ಯಾನಿಶ್‌ನಲ್ಲೂ ಹೀಗೇ. ‘ಕಾಂತೊ’ (ಹಾಡುತ್ತೇನೆ) ಪದದ ಮೂಲ ‘ಕಾಂತ್’, ಉಚ್ಚಾರ ಕಾನ್-ತೊ. ನಮ್ಮ ‘ಹಾಡ್ತೀನಿ’ಯಂತೆ ಕೊನೆಯ ಸ್ವರವೇ ‘ನಾನು’ ಎಂದು ಹೇಳಿಬಿಡುವುದರಿಂದ ಸರ್ವನಾಮ ಬೇಕಿಲ್ಲ. ‘ಆಬ್ಲೊ’ (ಮಾತಾಡುತ್ತೇನೆ) ಮಾತ್ರ ಆ-ಬ್ಲೊ. ಅಲ್ಲಿ ‘ಬ್ಲ’ ಒಡೆಯುವುದಿಲ್ಲ. ಹಳಗನ್ನಡದ ಶಿಥಿಲದ್ವಿತ್ವ ಬಲ್ಲವರಿಗೆ ಇದರಲ್ಲಿ ಅಚ್ಚರಿಯಿಲ್ಲ: ಅಲ್ಲಿಯೂ ರಕಾರ, ಲಕಾರ, ಳಕಾರಗಳು ಕೂಡಿದ ಕೆಲವು ಒತ್ತಕ್ಷರಗಳನ್ನು ತೇಲಿಸಿ ಉಚ್ಚರಿಸಿ, ಹಿಂದಿನಕ್ಷರವನ್ನು ಲಘುವಾಗಿಯೇ ಉಳಿಸಿಕೊಳ್ಳುತ್ತಿದ್ದರು.