ಡೈನೋಸಾರ್‌ಗೆ ನಡಿಗೆ ಕಲಿಸಿದ ಕೈಗಳು

ಕತ್ತಲು, ಜಡಿಮಳೆ. ನಿಂತ ಕಾರಿನೊಳಗೆ ಎರಡು ಲೋಟ ನೀರು. ಎಲ್ಲೋ ದೂರದಲ್ಲಿ ‘ಧಡ್’ ಎಂದು ಸದ್ದಾಗುತ್ತದೆ. ನೀರಿನ ಮೇಲೆ ಉಂಗುರದಂಥ ಅಲೆಗಳೇಳುತ್ತವೆ. ಸ್ವಲ್ಪ ಹೊತ್ತಿಗೆ ಇನ್ನೊಮ್ಮೆ ಸದ್ದು, ಮತ್ತೆ ಅಲೆ. ಪ್ರಾಣಿ ಇನ್ನೂ ಕಣ್ಣಿಗೆ ಬಿದ್ದಿಲ್ಲ. ಆದರೂ ಅದರ ಭಾರ ಎಷ್ಟೆಂಬುದು ಪ್ರೇಕ್ಷಕನಿಗೆ ಗೊತ್ತಾಗಿಬಿಟ್ಟಿದೆ.

1993ರಲ್ಲಿ ತೆರೆಕಂಡ ಸ್ಟೀವನ್ ಸ್ಪೀಲ್‌ಬರ್ಗ್ ನಿರ್ದೇಶನದ ‘ಜುರಾಸಿಕ್ ಪಾರ್ಕ್’ ಚಿತ್ರವನ್ನು ನೋಡಿದವರು ಈ ದೃಶ್ಯವನ್ನು ಮರೆತಿರಲಾರರು. ಆ ಅಲೆಗಳನ್ನು ಎಬ್ಬಿಸುವುದು ಸುಲಭವಾಗಿರಲಿಲ್ಲ. ಹೊಣೆ ಹೊತ್ತಿದ್ದ ಮೈಕೆಲ್ ಲ್ಯಾಂಟಿಯೇರಿ ಏನೇನೋ ಪ್ರಯತ್ನಿಸಿ, ಕೊನೆಗೆ ಗಿಟಾರಿನ ಮೇಲೆ ಲೋಟವಿಟ್ಟು ತಂತಿ ಮೀಟಿ ನೋಡಿದರು. ಬೇಕಾದ ಉಂಗುರ ಮೂಡಿತು. ಚಿತ್ರೀಕರಣದಲ್ಲಿ ಕಾರಿನ ಡ್ಯಾಶ್‌ಬೋರ್ಡಿನ ಅಡಿಯಿಂದ ಗಿಟಾರ್ ತಂತಿಯೊಂದನ್ನು ಕೆಳಕ್ಕೆ ಬಿಗಿದು, ಒಬ್ಬ ಮನುಷ್ಯ ಕಾರಿನಡಿ ಮಲಗಿ ಅದನ್ನು ಮೀಟಿದ. ಟನ್ನುಗಟ್ಟಲೆ ತೂಗುವ ಮೃಗದ ಹೆಜ್ಜೆ ಹುಟ್ಟಿದ್ದು ಹೀಗೆ, ಒಂದು ಬೆರಳ ತುದಿಯಲ್ಲಿ.

ಈ ಚಿತ್ರವನ್ನು ಕಂಪ್ಯೂಟರಿನ ಪವಾಡವೆಂದೇ ಎಲ್ಲರೂ ನೆನೆಯುತ್ತಾರೆ. ಅದು ಅರ್ಧ ಸತ್ಯ. ಎರಡು ತಾಸಿಗೂ ಮೀರಿದ ಚಿತ್ರದಲ್ಲಿ ಡೈನೋಸಾರ್‌ಗಳು ತೆರೆಯ ಮೇಲಿರುವುದು ಒಟ್ಟು ಹದಿನೈದು ನಿಮಿಷದ ಆಸುಪಾಸು. ಅದರಲ್ಲಿ ಕಂಪ್ಯೂಟರಿನಲ್ಲಿ ಸೃಷ್ಟಿಯಾದ ಭಾಗ ಅರ್ಧಕ್ಕಿಂತ ಕಡಿಮೆ. ಉಳಿದದ್ದೆಲ್ಲ ಉಕ್ಕು, ರಬ್ಬರು, ಬಣ್ಣ ಮತ್ತು ಮನುಷ್ಯರ ತೋಳ್ಬಲ. ಕಂಪ್ಯೂಟರಿನ ಆ ಕೆಲವು ನಿಮಿಷಗಳ ಹಿಂದೆಯೂ ಗೊಂಬೆ ಆಡಿಸುವವರ ಕೈಗಳಿದ್ದವು.

ಗೊಂಬೆಗೆ ಜೀವ ಬಂದ ಬಗೆ

ಸಿನಿಮಾ ಎಂದರೆ ಸೆಕೆಂಡಿಗೆ 24 ಸ್ಥಿರಚಿತ್ರಗಳು. ಒಂದು ಗೊಂಬೆಯನ್ನು ಕೂದಲೆಳೆಯಷ್ಟು ಸರಿಸಿ ಒಂದು ಚಿತ್ರ, ಮತ್ತಷ್ಟು ಸರಿಸಿ ಇನ್ನೊಂದು ಚಿತ್ರ ತೆಗೆಯುತ್ತ ಹೋದರೆ ತೆರೆಯ ಮೇಲೆ ಗೊಂಬೆ ತಾನೇ ನಡೆದಂತೆ ಕಾಣುತ್ತದೆ. ಇದಕ್ಕೆ ‘ಸ್ಟಾಪ್ ಮೋಷನ್’ ಎಂದು ಹೆಸರು. 1933ರ ‘ಕಿಂಗ್ ಕಾಂಗ್’ ಚಿತ್ರದ ದೈತ್ಯ ವಾನರನನ್ನು ವಿಲಿಸ್ ಓಬ್ರಿಯನ್ ಹೀಗೆಯೇ ಆಡಿಸಿದರು. ಆ ಚಿತ್ರವನ್ನು ಗಮನವಿಟ್ಟು ನೋಡಿದರೆ ಕಾಂಗ್‌ನ ಮೈಮೇಲಿನ ತುಪ್ಪಳ ಸುಮ್ಮನೆ ಸುಳಿಯಾಡುತ್ತಿರುವುದು ಕಾಣುತ್ತದೆ. ಅದು ಗಾಳಿಯಲ್ಲ, ಪ್ರತಿ ಸಲ ಗೊಂಬೆಯನ್ನು ಮುಟ್ಟಿದ ಬೆರಳುಗಳ ಗುರುತು.

ಓಬ್ರಿಯನ್ ಅವರಿಂದ ರೇ ಹ್ಯಾರಿಹೌಸೆನ್‌ಗೆ ಈ ವಿದ್ಯೆ ದಾಟಿತು. 1958ರಲ್ಲಿ ಬಂದ ಹ್ಯಾರಿಹೌಸೆನ್ ಅವರ ಸಿಂದಬಾದ್ ಚಿತ್ರವನ್ನು ಬಾಲ್ಯದಲ್ಲಿ ನೋಡಿ ಮರುಳಾದವರಲ್ಲಿ ಫಿಲ್ ಟಿಪೆಟ್ ಒಬ್ಬರು. ಬೆಳೆದು ದೊಡ್ಡವರಾದ ಮೇಲೆ ಟಿಪೆಟ್ ಅದನ್ನೇ ಕಸುಬಾಗಿಸಿಕೊಂಡರು. 1977ರ ‘ಸ್ಟಾರ್ ವಾರ್ಸ್’ನಲ್ಲಿ ಚದುರಂಗದ ಕಾಯಿಗಳಾಗಿ ಕಾದಾಡುವ ಪುಟ್ಟ ಜೀವಿಗಳಿಗೂ, 1980ರಲ್ಲಿ ಬಂದ ಅದರ ಮುಂದಿನ ಕಂತಿನಲ್ಲಿ ಹಿಮದ ಮೇಲೆ ನಡೆಯುವ ನಾಲ್ಕು ಕಾಲಿನ ಯುದ್ಧಯಂತ್ರಗಳಿಗೂ ಚಲನೆ ಕೊಟ್ಟವರಲ್ಲಿ ಅವರು ಪ್ರಮುಖರು.

ಆದರೆ ಈ ವಿದ್ಯೆಯಲ್ಲಿ ಒಂದು ಕೊರತೆಯಿತ್ತು. ಓಡುವ ಕುದುರೆಯ ಚಿತ್ರ ತೆಗೆದರೆ ಅದರ ಕಾಲುಗಳು ತುಸು ಮಸುಕಾಗಿ ಬರುತ್ತವೆ. ಆ ಮಸುಕೇ ಕಣ್ಣಿಗೆ ವೇಗವೆನಿಸುತ್ತದೆ. ಕ್ಯಾಮೆರಾ ತೆರೆದಾಗ ಅಲ್ಲಾಡದೆ ನಿಂತಿರುವ ಗೊಂಬೆಯ ಪ್ರತಿ ಚಿತ್ರವೂ ಸ್ಪಷ್ಟ. ಹೀಗಾಗಿ ಚಲನೆಯಲ್ಲಿ ಒಂದು ಬಗೆಯ ಕುಲುಕಾಟ ಉಳಿದುಬಿಡುತ್ತದೆ. ಇದಕ್ಕೆ ಟಿಪೆಟ್ ಮತ್ತು ಸಂಗಡಿಗರು ಕಂಡುಕೊಂಡ ಮದ್ದು ‘ಗೋ ಮೋಷನ್’. ಗೊಂಬೆಗೆ ಸರಳುಗಳನ್ನು ಜೋಡಿಸಿ, ಕ್ಯಾಮೆರಾ ತೆರೆದಿರುವ ಆ ಗಳಿಗೆಯಲ್ಲೇ ಅದು ಚೂರು ಅಲ್ಲಾಡುವಂತೆ ಕಂಪ್ಯೂಟರ್ ನಿಯಂತ್ರಿತ ಮೋಟಾರುಗಳಿಂದ ಮಾಡಿದರು. 1981ರ ‘ಡ್ರ್ಯಾಗನ್‌ಸ್ಲೇಯರ್’ ಚಿತ್ರದ ರೆಕ್ಕೆಯ ಘಟಸರ್ಪ ಈ ತಂತ್ರದ ದೊಡ್ಡ ಗೆಲುವು.

‘ಜುರಾಸಿಕ್ ಪಾರ್ಕ್’ಗೂ ಸ್ಪೀಲ್‌ಬರ್ಗ್ ಮೊದಲು ಹಾಕಿಕೊಂಡದ್ದು ಇದೇ ಲೆಕ್ಕ. ಹತ್ತಿರದಿಂದ ತೋರಿಸುವಾಗ ಸ್ಟಾನ್ ವಿನ್‌ಸ್ಟನ್ ಕಟ್ಟುವ ಪೂರ್ಣ ಗಾತ್ರದ ಯಾಂತ್ರಿಕ ಪ್ರಾಣಿಗಳು. ಇಡೀ ಮೈ ಕಾಣುವಂತೆ ಓಡಿಸುವಾಗ ಟಿಪೆಟ್ ಅವರ ಗೊಂಬೆಗಳು.

ಓಡಿಬಂದ ಅಸ್ಥಿಪಂಜರ

ಈ ಲೆಕ್ಕ ತಲೆಕೆಳಗಾದದ್ದು ಜಾರ್ಜ್ ಲೂಕಾಸ್ ಸ್ಥಾಪಿಸಿದ ‘ಇಂಡಸ್ಟ್ರಿಯಲ್ ಲೈಟ್ ಅಂಡ್ ಮ್ಯಾಜಿಕ್’ ಸಂಸ್ಥೆಯಲ್ಲಿ. ಅಲ್ಲಿನ ಡೆನ್ನಿಸ್ ಮ್ಯೂರನ್ ತಂಡ 1989ರ ‘ದಿ ಅಬಿಸ್’ನಲ್ಲಿ ನೀರಿನದೇ ಆದ ಜೀವಿಯೊಂದನ್ನೂ, 1991ರ ‘ಟರ್ಮಿನೇಟರ್-2’ರಲ್ಲಿ ಪಾದರಸದಂತೆ ಕರಗಿ ಕೂಡಿಕೊಳ್ಳುವ ಲೋಹದ ಮನುಷ್ಯನನ್ನೂ ಕಂಪ್ಯೂಟರಿನಿಂದ ತಂದಿತ್ತು. ನೀರು, ಲೋಹಗಳು ಹೊಳೆಯುವ ವಸ್ತುಗಳು. ಅವುಗಳ ಲೆಕ್ಕ ಕಂಪ್ಯೂಟರಿಗೆ ಒಗ್ಗುತ್ತದೆ. ರಕ್ತಮಾಂಸದ ಪ್ರಾಣಿಯ ಮಾತು ಬೇರೆ. ಚರ್ಮ ಸುಕ್ಕಾಗಬೇಕು, ಸ್ನಾಯು ಉಬ್ಬಬೇಕು, ಹೆಜ್ಜೆಗೆ ತೂಕವಿರಬೇಕು. ಅದು ಆಗದ ಮಾತೆಂದು ಬಹುಮಂದಿ ನಂಬಿದ್ದರು.

ಅಲ್ಲಿನ ಸ್ಟೀವ್ ವಿಲಿಯಮ್ಸ್ ಎಂಬ ತರುಣ ತಂತ್ರಜ್ಞ, ಯಾರೂ ಹೇಳದಿದ್ದರೂ, ಟಿ. ರೆಕ್ಸ್ ಡೈನೋಸಾರಿನ ಅಸ್ಥಿಪಂಜರವೊಂದನ್ನು ಕಂಪ್ಯೂಟರಿನಲ್ಲಿ ನಡೆಸಿ ನೋಡಿದರು. ನಿರ್ಮಾಪಕರ ಕಣ್ಣಿಗೆ ಅದು ಬಿತ್ತು. ಪರೀಕ್ಷೆಗಳು ಮುಂದುವರಿದವು, ಚರ್ಮ ಹೊದ್ದ ಪ್ರಾಣಿ ಹಗಲು ಬೆಳಕಿನಲ್ಲಿ ನಡೆದು ಬಂದಿತು. ಅದನ್ನು ನೋಡಿದ ಟಿಪೆಟ್, ತಮ್ಮ ಸಂತತಿಯೇ ನಿರ್ನಾಮವಾಯಿತೆಂದು ಉದ್ಗರಿಸಿದರು. ಸ್ಪೀಲ್‌ಬರ್ಗ್ ಆ ಮಾತನ್ನು ಬಿಡದೆ ಚಿತ್ರದೊಳಕ್ಕೆ ಸೇರಿಸಿದರು. ಜೀವಂತ ಡೈನೋಸಾರ್ ಕಂಡು ಇನ್ನು ತಮ್ಮ ಕಸುಬು ಹೋಯಿತೆಂದುಕೊಳ್ಳುವ ಪಳೆಯುಳಿಕೆ ತಜ್ಞನಿಗೆ ಜೊತೆಗಾರ ಕೊಡುವ ಉತ್ತರ ಅದೇ. ಚಿತ್ರದಲ್ಲಿ ಅದು ನಗೆಚಾಟಿಕೆ. ಟಿಪೆಟ್‌ಗೆ ಅದು ಬದುಕಿನ ಪ್ರಶ್ನೆಯಾಗಿತ್ತು. ಆ ಆಘಾತದ ನಡುವೆಯೇ ಅವರು ನ್ಯುಮೋನಿಯಾ ತಗುಲಿ ಹಾಸಿಗೆ ಹಿಡಿದರು.

ಆದರೂ ಸ್ಪೀಲ್‌ಬರ್ಗ್ ಅವರನ್ನು ಬಿಟ್ಟುಕೊಡಲಿಲ್ಲ. ಕಾರಣ ದಾಕ್ಷಿಣ್ಯವಲ್ಲ. ಕಂಪ್ಯೂಟರ್ ಬಲ್ಲವರಿಗೆ ಚಿತ್ರ ಮೂಡಿಸುವುದು ಗೊತ್ತಿತ್ತು. ಆದರೆ ಅಷ್ಟು ಭಾರದ ಪ್ರಾಣಿ ತಿರುಗುವ ಮುನ್ನ ಯಾವ ಕಾಲಿಗೆ ಮೈಭಾರ ಬಿಡುತ್ತದೆ, ಬೇಟೆಯನ್ನು ಕಂಡಾಗ ತಲೆ ಮೊದಲು ಹೊರಳುತ್ತದೆಯೋ ಕುತ್ತಿಗೆಯೋ ಎಂಬ ತಿಳಿವಳಿಕೆ ಗೊಂಬೆಯಾಟದವರ ಕೈಯಲ್ಲಿತ್ತು.

ಮುಳ್ಳುಮೈಯ ಗೊಂಬೆ

ಆ ತಿಳಿವಳಿಕೆಯನ್ನು ಯಂತ್ರಕ್ಕೆ ದಾಟಿಸುವುದು ಹೇಗೆ? ಟಿಪೆಟ್ ಸ್ಟುಡಿಯೋದ ಕ್ರೇಗ್ ಹೇಯ್ಸ್ ಮತ್ತು ಸಂಗಡಿಗರು ಒಂದು ಉಪಾಯ ಮಾಡಿದರು. ಹಳೆಯ ಬಗೆಯದೇ ಲೋಹದ ಡೈನೋಸಾರ್ ಪಂಜರ ಮಾಡಿ, ಅದರ ಒಂದೊಂದು ಕೀಲಿಗೂ ಸೆನ್ಸರ್ ಕೂಡಿಸಿದರು. ಗೊಂಬೆಯಾಟದವನು ಎಂದಿನಂತೆ ಕೈಯಿಂದ ಕಾಲು ಸರಿಸುತ್ತಾನೆ, ಕತ್ತು ಬಾಗಿಸುತ್ತಾನೆ. ಪ್ರತಿ ಕೀಲಿನ ಕೋನ ಅಂಕಿಯಾಗಿ ಕಂಪ್ಯೂಟರಿಗೆ ಹೋಗುತ್ತದೆ. ಅಲ್ಲಿನ ಡೈನೋಸಾರ್ ಅದೇ ಭಂಗಿಗೆ ಬರುತ್ತದೆ. ಚಿತ್ರಕ್ಕಾಗಿ ಕಂಪ್ಯೂಟರಿನಲ್ಲಿ ಮೂಡಿದ ದೃಶ್ಯತುಣುಕುಗಳು ಐವತ್ತರ ಆಸುಪಾಸು. ಮಳೆಯ ರಾತ್ರಿಯ ದಾಳಿಯದೂ ಅಡುಗೆಮನೆಯದೂ ಆದ ಕೆಲವು ತುಣುಕುಗಳು ಈ ಗೊಂಬೆಯ ಮೂಲಕ ಬಂದವು. ಮುಂದೆ ಈ ಸಾಧನಕ್ಕೆ ಅಮೆರಿಕದ ಚಲನಚಿತ್ರ ಅಕಾಡೆಮಿಯ ತಾಂತ್ರಿಕ ಪ್ರಶಸ್ತಿಯೂ ದೊರೆಯಿತು.

ಕಂಪ್ಯೂಟರಿನ ಮುಂದೆ ಕುಳಿತವರೂ ಮೈ ಬಗ್ಗಿಸಿದರು. ಅವರಿಗೆ ಮೂಕಾಭಿನಯದ ಪಾಠಗಳಾದವು. ಹಿಂಡುಹಿಂಡಾಗಿ ಓಡುವ ಡೈನೋಸಾರ್‌ಗಳ ದೃಶ್ಯಕ್ಕಾಗಿ ತಾವೇ ಬಯಲಿನಲ್ಲಿ ಓಡಿ, ಜಿಗಿದು, ದೇಹ ಹೇಗೆ ತೂಗುತ್ತದೆಂದು ಕಂಡುಕೊಂಡರು.

ಮಳೆಯಲ್ಲಿ ನಡುಗಿದ ದೈತ್ಯ

ಅತ್ತ ವಿನ್‌ಸ್ಟನ್ ಅವರ ಕಾರ್ಖಾನೆಯಲ್ಲಿ 20 ಅಡಿ ಎತ್ತರ, ಮೂಗಿನಿಂದ ಬಾಲದವರೆಗೆ ಸುಮಾರು 40 ಅಡಿ ಉದ್ದದ ಟಿ. ರೆಕ್ಸ್ ಸಿದ್ಧವಾಗುತ್ತಿತ್ತು. ಮೊದಲು ಜೇಡಿಮಣ್ಣಿನಲ್ಲಿ ಪೂರ್ಣ ಗಾತ್ರದ ಶಿಲ್ಪ, ಅದರಿಂದ ಅಚ್ಚು, ಅಚ್ಚಿನಿಂದ ನೊರೆರಬ್ಬರಿನ ಚರ್ಮ, ಒಳಗೆ ಉಕ್ಕಿನ ಚೌಕಟ್ಟು. ವಿಮಾನ ಚಾಲಕರ ತರಬೇತಿಗೆ ಬಳಸುವ, ಒತ್ತಡದ ಎಣ್ಣೆಯಿಂದ ಅಲ್ಲಾಡುವ ವೇದಿಕೆಯ ಮಾದರಿಯಲ್ಲಿ ಅದರ ಬುಡ. ಇದನ್ನು ಆಡಿಸಲು ಇನ್ನೊಂದು ಪುಟ್ಟ ಟಿ. ರೆಕ್ಸ್ ಇತ್ತು. ನಾಲ್ವರು ಕುಶಲಿಗರು ಆ ಚಿಕ್ಕದನ್ನು ಕೈಯಿಂದ ತಿರುಗಿಸಿದರೆ ದೊಡ್ಡದು ಅದೇ ರೀತಿ ತಿರುಗುತ್ತಿತ್ತು. ಉಕ್ಕಿನ ಪ್ರಾಣಿಗೂ ಕಂಪ್ಯೂಟರಿನ ಪ್ರಾಣಿಗೂ ನಡೆ ಕಲಿಸಿದ್ದು ಕೈಯಳತೆಯ ಗೊಂಬೆಯೇ ಎಂಬುದು ಗಮನಿಸಬೇಕಾದ ಸಂಗತಿ.

ಮಳೆಯ ದೃಶ್ಯದಲ್ಲಿ ಫಜೀತಿಯಾಯಿತು. ನೊರೆರಬ್ಬರು ನೀರು ಹೀರಿ ಭಾರವಾಯಿತು. ಒಣ ತೂಕಕ್ಕೆ ಹೊಂದಿಸಿದ್ದ ಯಂತ್ರ ಹೊರಲಾರದೆ ದೈತ್ಯ ಗಡಗಡನೆ ನಡುಗತೊಡಗಿತು. ಚಿತ್ರೀಕರಣದ ಬಿಡುವಿನಲ್ಲೆಲ್ಲ ಕೆಲಸಗಾರರು ಬಟ್ಟೆಗಳಿಂದ ಅದರ ಮೈ ಒರೆಸಿ, ಬಿಸಿಗಾಳಿ ಊದಿ ಒಣಗಿಸಬೇಕಾಯಿತು.

ಇಷ್ಟೆಲ್ಲ ಪಾಡುಪಟ್ಟದ್ದು ದಂಡವಾಗಲಿಲ್ಲ. ಕಾರಿನ ಗಾಜಿಗೆ ಮೂತಿಯೊತ್ತುವ ತಲೆ ನಿಜವಾದ ವಸ್ತು. ಬೆಳಕು ಅದರ ಮೇಲೆ ನಿಜವಾಗಿ ಬೀಳುತ್ತದೆ, ಗಾಜು ನಿಜವಾಗಿ ಬಾಗುತ್ತದೆ, ಮಕ್ಕಳ ಚೀರಾಟಕ್ಕೆ ಎದುರಿಗೊಂದು ಕಾರಣವಿರುತ್ತದೆ. ಅದೇ ಪ್ರಾಣಿ ಬೇಲಿ ದಾಟಿ ರಸ್ತೆಗೆ ಹೆಜ್ಜೆಯಿಟ್ಟಾಗ ಕಂಪ್ಯೂಟರ್ ಕೆಲಸ ವಹಿಸಿಕೊಳ್ಳುತ್ತದೆ. ಅಡುಗೆಮನೆಯಲ್ಲಿ ಮಕ್ಕಳನ್ನು ಅರಸುವ ರ‍್ಯಾಪ್ಟರ್‌ಗಳೂ ಹೀಗೆಯೇ: ಕೆಲವೆಡೆ ವೇಷ ತೊಟ್ಟ ಮನುಷ್ಯ, ಕೆಲವೆಡೆ ಯಂತ್ರದ ಗೊಂಬೆ, ಕೆಲವೆಡೆ ಕಂಪ್ಯೂಟರ್ ಚಿತ್ರ. ಒಂದರ ಕುಂದು ಕಣ್ಣಿಗೆ ಬೀಳುವ ಮೊದಲೇ ಇನ್ನೊಂದು ಬಂದಿರುತ್ತದೆ. ಬಣ್ಣ, ಆಕಾರಗಳಲ್ಲಿ ಕಣ್ಣು ಸುಲಭವಾಗಿ ಮೋಸಹೋಗುತ್ತದೆ. ತೂಕದ ವಿಷಯದಲ್ಲಿ ಹೋಗುವುದಿಲ್ಲ. ಎಡವಿದ ಹಸುವನ್ನು, ನಿದ್ದೆಯಿಂದೆದ್ದು ಮೈಮುರಿಯುವ ನಾಯಿಯನ್ನು ಹುಟ್ಟಿದಾರಭ್ಯ ನೋಡಿದ ಕಣ್ಣು ಅದು.

ಉಳಿದದ್ದು, ಹೋದದ್ದು

1993ನೇ ಸಾಲಿನ ವಿಶೇಷ ದೃಶ್ಯಗಳ ಆಸ್ಕರ್ ಪ್ರಶಸ್ತಿಯನ್ನು ನಾಲ್ವರು ಹಂಚಿಕೊಂಡರು: ಮ್ಯೂರನ್, ವಿನ್‌ಸ್ಟನ್, ಟಿಪೆಟ್, ಲ್ಯಾಂಟಿಯೇರಿ. ಕಂಪ್ಯೂಟರಿನವರು, ಯಂತ್ರದವರು, ಗೊಂಬೆಯವರು ಮತ್ತು ನೀರಿನ ಲೋಟದವರು. ಚಿತ್ರದ ಯಶಸ್ಸಿನ ಲೆಕ್ಕ ಈ ನಾಲ್ಕು ಹೆಸರುಗಳಲ್ಲೇ ಇದೆ.

ಮುಂದಿನ ವರ್ಷಗಳಲ್ಲಿ ಉದ್ಯಮ ಹೆಚ್ಚಾಗಿ ಮೊದಲನೆಯವರ ಕಡೆಗೆ ವಾಲಿತು. ದೊಡ್ಡ ಚಿತ್ರಗಳಲ್ಲಿ ಗೋ ಮೋಷನ್ ಹೆಚ್ಚುಕಡಿಮೆ ನಿಂತೇಹೋಯಿತು. ಟಿಪೆಟ್ ಸ್ಟುಡಿಯೋ ಕೂಡ ಕಂಪ್ಯೂಟರಿಗೆ ಹೊರಳಿ, 1997ರ ‘ಸ್ಟಾರ್‌ಶಿಪ್ ಟ್ರೂಪರ್ಸ್’ ಚಿತ್ರದ ದೈತ್ಯ ಕೀಟಗಳನ್ನು ಅದರಲ್ಲೇ ಸೃಷ್ಟಿಸಿತು. ಗೊಂಬೆಗಾರರಲ್ಲಿ ಎಲ್ಲರಿಗೂ ಹೀಗೆ ದಾಟಲು ಸೇತುವೆ ಸಿಗಲಿಲ್ಲ. ಹೊಸ ಉಪಕರಣ ಹಳೆಯ ಕಸುಬಿನಿಂದ ಪಾಠ ಕಲಿತದ್ದು ನಿಜ. ಕಲಿಸಿದವರಿಗೆಲ್ಲ ಅದು ಅನ್ನ ಕೊಟ್ಟಿತೆಂದು ಹೇಳುವಂತಿಲ್ಲ.

ಟಿಪೆಟ್ ಆ ಹೊತ್ತಿಗಾಗಲೇ ತಮ್ಮದೇ ಒಂದು ಗೊಂಬೆ ಚಿತ್ರವನ್ನು ಆರಂಭಿಸಿದ್ದರು. ಕಂಪ್ಯೂಟರ್ ಬಂದ ಮೇಲೆ ಇನ್ನು ಅದಕ್ಕೆ ಅರ್ಥವಿಲ್ಲವೆಂದು ಗೊಂಬೆಗಳನ್ನು ಪೆಟ್ಟಿಗೆಗೆ ತುಂಬಿಟ್ಟರು. ಸುಮಾರು ಇಪ್ಪತ್ತು ವರ್ಷ ಕಳೆದ ಮೇಲೆ ಅವರ ಸ್ಟುಡಿಯೋದ ಕಿರಿಯರ ಕಣ್ಣಿಗೆ ಅವು ಬಿದ್ದವು. ಕಂಪ್ಯೂಟರಿನಲ್ಲೇ ಪಳಗಿದ ಆ ಹುಡುಗರಿಗೆ ಕೈಯಿಂದ ಗೊಂಬೆ ಆಡಿಸುವ ಆಸೆ ಹುಟ್ಟಿತು. ಕೆಲಸ ಮತ್ತೆ ಶುರುವಾಯಿತು; ಸ್ವಯಂಸೇವಕರು, ವಿದ್ಯಾರ್ಥಿಗಳು ಬಿಡುವಿನ ದಿನಗಳಲ್ಲಿ ಬಂದು ಕೈಜೋಡಿಸಿದರು. ‘ಮ್ಯಾಡ್ ಗಾಡ್’ ಎಂಬ ಆ ಚಿತ್ರ 2021ರಲ್ಲಿ ತೆರೆಕಂಡಿತು. ನಿರ್ನಾಮವಾಯಿತೆಂದು ಅದರ ಒಡೆಯನೇ ನಂಬಿದ್ದ ವಿದ್ಯೆ, ಒಂದು ಸಲಕ್ಕೆ ಒಂದೇ ಚಿತ್ರದಂತೆ, ಪೆಟ್ಟಿಗೆಯಿಂದೆದ್ದು ನಡೆದು ಬಂದಿತ್ತು.