ಕಡಲಾಚೆಯ ಕಾವಲುಗಾರನಿಗೆ ಒಂದು ಕಾಗದ

ಮದ್ದುಗುಂಡು ಹೊತ್ತ ಬಂಡಿಗಳು, ಅಕ್ಕಿ ಬೇಳೆ ಹೊತ್ತ ಬಂಡಿಗಳು ಇವುಗಳ ಬೆನ್ನಿಗೇ ಪ್ರತಿಯೊಂದು ಸೈನ್ಯದ ಸಂಗಡ ಇನ್ನೊಂದು ಬಂಡಿ ಹೊರಡುತ್ತದೆ. ಅದು ಅಂಚೆಯ ಚೀಲಗಳ ಬಂಡಿ. ಯುದ್ಧದ ಚರಿತ್ರೆಯನ್ನು ಬರೆದವರು ಅದನ್ನು ಅಷ್ಟಾಗಿ ಲೆಕ್ಕಕ್ಕೆ ಹಿಡಿದಿಲ್ಲ. ಆದರೆ ಮನೆಮಾರು ತೊರೆದು, ಕಡಲು ದಾಟಿ, ಭಾಷೆ ತಿಳಿಯದ ನಾಡಿನಲ್ಲಿ ಪಹರೆ ನಿಂತ ಸಿಪಾಯಿಗೆ ಆ ಬಂಡಿಯ ಬೆಲೆ ಏನೆಂಬುದು ಗೊತ್ತು. ಹೊಟ್ಟೆಯ ಹಸಿವನ್ನು ಸರಕಾರದ ಊಟ ಹಿಂಗಿಸೀತು. ಮನಸ್ಸಿನ ಹಸಿವನ್ನು ಹಿಂಗಿಸುವುದು ಮನೆಯಿಂದ ಬಂದ ನಾಲ್ಕು ಸಾಲು.

ಭಾರತದ ಸೈನ್ಯದ ಜೊತೆ ಅಂಚೆಯು ಕಡಲು ದಾಟಿದ ಇತಿಹಾಸ ಹಳೆಯದು. 1856ರಲ್ಲಿ ಪರ್ಶಿಯಾದ ದಂಡಯಾತ್ರೆಗೆ ಹೊರಟ ಪಡೆಯೊಡನೆಯೇ ಇಲ್ಲಿಂದ ರಣರಂಗದ ಅಂಚೆ ಕಚೇರಿಯೂ ಹೋಗಿತ್ತು. 1972ರ ಮಾರ್ಚ್ 1ರಂದು ಸೈನ್ಯದ ಅಂಚೆ ಸೇವೆ ಒಂದು ಸ್ವತಂತ್ರ ದಳವಾಯಿತು. ಈ ದೀರ್ಘ ಕಾಲದಲ್ಲಿ ಎಷ್ಟು ತಾಯಂದಿರ ಹಾರೈಕೆ, ಎಷ್ಟು ಹೆಂಡಂದಿರ ನಿಟ್ಟುಸಿರು ಆ ಚೀಲಗಳಲ್ಲಿ ಸಾಗಿರಬೇಕು!

ಮೆಣಸಿನ ಸಂಕೇತ

ಮೊದಲನೆಯ ಮಹಾಯುದ್ಧದ ಆರಂಭದಲ್ಲಿ, 1914ರ ಸೆಪ್ಟೆಂಬರ್ 26ರಂದು, ಭಾರತದ ಸಿಪಾಯಿಗಳು ಫ್ರಾನ್ಸಿನ ಮಾರ್ಸೇಲ್ಸ್ ಬಂದರಿನಲ್ಲಿ ಇಳಿದರು. ಅವರಲ್ಲಿ ಬಹುಮಂದಿಗೆ ಓದು ಬರಹ ಬಾರದು. ಆದರೂ ಕೆಲವೇ ತಿಂಗಳುಗಳಲ್ಲಿ ವಾರಕ್ಕೆ ಹತ್ತು ಸಾವಿರಕ್ಕೂ ಮಿಕ್ಕಿ ಪತ್ರಗಳು ಅಲ್ಲಿಂದ ಹೊರಡತೊಡಗಿದವು. ಬರೆಯಬಲ್ಲ ಒಬ್ಬನ ಸುತ್ತ ಹತ್ತು ಜನ ಕುಳಿತು ತಮ್ಮ ತಮ್ಮ ಪತ್ರಗಳನ್ನು ಹೇಳಿ ಬರೆಯಿಸುತ್ತಿದ್ದರು. ಊರಿನಿಂದ ಬಂದ ಪತ್ರವನ್ನೂ ಹಾಗೆಯೇ ಒಬ್ಬನು ಓದುವನು, ಉಳಿದವರು ಕಿವಿಗೊಡುವರು.

ಸರಕಾರಕ್ಕೆ ಇದರಿಂದ ಕಳವಳ. ಪತ್ರಗಳನ್ನು ಓದಿ ಪರೀಕ್ಷಿಸಲು ಬುಲೋನ್ ಎಂಬಲ್ಲಿ ಹಾವೆಲ್ ಎಂಬ ಅಧಿಕಾರಿಯ ಕೈಕೆಳಗೆ ಒಂದು ಕಚೇರಿಯನ್ನೇ ತೆರೆಯಲಾಯಿತು. ಹೋಗುವ ಪತ್ರವೂ ಬರುವ ಪತ್ರವೂ ಅಲ್ಲಿ ಅಧಿಕಾರಿಗಳ ಕಣ್ಣಿಗೆ ಬೀಳತಕ್ಕವೇ. ಸಿಪಾಯಿಗಳೇನು ಕಡಿಮೆ? ಅವರು ಕರಿಮೆಣಸು, ಕೆಂಪು ಮೆಣಸು ಎಂದು ಬರೆಯಲಾರಂಭಿಸಿದರು. ಕರಿಮೆಣಸೆಂದರೆ ಭಾರತದ ಸೈನಿಕರು, ಕೆಂಪು ಮೆಣಸೆಂದರೆ ಬಿಳಿಯ ಸೈನಿಕರು. ಎಷ್ಟು ಮೆಣಸು ಖರ್ಚಾಯಿತು, ಎಷ್ಟು ಉಳಿಯಿತು ಎಂದರೆ ಊರಿನವರಿಗೆ ಯುದ್ಧದ ಲೆಕ್ಕ ಸಿಕ್ಕಂತೆಯೇ. ಬ್ಯಾಡಗಿಯ ಮೆಣಸಿನಕಾಯಿಯ ನಾಡಿನವರಾದ ನಮಗೆ ಈ ಜಾಣ್ಮೆ ನಗು ತರಿಸಬಹುದು. ಆದರೆ ಆ ಖರ್ಚಿನ ಲೆಕ್ಕದಲ್ಲಿದ್ದವರು ಯಾರ ಮಕ್ಕಳು ಎಂದು ನೆನೆದರೆ ನಗು ಅಲ್ಲಿಯೇ ಉಡುಗುತ್ತದೆ. ಆ ಯುದ್ಧದಲ್ಲಿ ಮಡಿದ ಭಾರತೀಯರು 70,000ಕ್ಕೂ ಹೆಚ್ಚು.

ಪತ್ರವೇ ತಲುಪದ ದುಃಖ ಇನ್ನೂ ದೊಡ್ಡದು. ಮೆಸೊಪೊಟೇಮಿಯಾದ ಕೂತ್ ಪಟ್ಟಣದಲ್ಲಿ 1915ರ ಡಿಸೆಂಬರಿನಿಂದ 1916ರ ಏಪ್ರಿಲ್ 29ರ ವರೆಗೆ ತುರ್ಕರ ಮುತ್ತಿಗೆಗೆ ಸಿಕ್ಕ ಪಡೆಯಲ್ಲಿ 103, 110 ಮತ್ತು 117ನೆಯ ಮರಾಠಾ ಪಲ್ಟಣಗಳಿದ್ದವು. ಇವು ಇಂದು ಬೆಳಗಾವಿಯನ್ನು ಕೇಂದ್ರವಾಗಿಸಿಕೊಂಡಿರುವ ಮರಾಠಾ ಲಘು ಪದಾತಿ ದಳದ ಪೂರ್ವಿಕ ಪಲ್ಟಣಗಳು. ಮುತ್ತಿಗೆ ಮುಗಿದು ಸೆರೆಯಾದವರನ್ನು ಮರುಭೂಮಿಯಲ್ಲಿ ನಡೆಸಿಕೊಂಡು ಹೋದರು. ಊರಿನಲ್ಲಿ ಮನೆಯವರು ಬದುಕಿದ್ದಾನೆಯೋ ಇಲ್ಲವೋ ಎಂದು ತಿಳಿಯದೆ ದಿನ ನೂಕಬೇಕಾಯಿತು.

ಕೊರಿಯಾದಿಂದ ಕಾಂಗೋವರೆಗೆ

ಸ್ವಾತಂತ್ರ್ಯಾನಂತರ ನಮ್ಮ ಸೈನಿಕರು ಕಡಲು ದಾಟಿದ್ದು ಹೆಚ್ಚಾಗಿ ಶಾಂತಿಯನ್ನು ಕಾಯಲು. 1953ರಲ್ಲಿ ಸುಮಾರು 6,000 ಜನ ಭಾರತೀಯರು ಕೊರಿಯಾಕ್ಕೆ ಹೋದರು. ಸ್ವದೇಶಕ್ಕೆ ಮರಳಲೊಲ್ಲದ 22,000ಕ್ಕೂ ಹೆಚ್ಚು ಯುದ್ಧ ಕೈದಿಗಳ ಮೇಲ್ವಿಚಾರಣೆ ಅವರ ಪಾಲಿಗೆ ಬಂದಿತ್ತು. ಆ ಕೈದಿಗಳ ವಿಚಾರಕ್ಕೆಂದು ನೇಮಿಸಿದ ತಟಸ್ಥ ರಾಷ್ಟ್ರಗಳ ಆಯೋಗದ ಅಧ್ಯಕ್ಷರು ಕೊಡಗಿನ ವೀರಪುತ್ರ ತಿಮ್ಮಯ್ಯನವರು. ಅಲ್ಲಿಯ ನಮ್ಮವರ ಅಂಚೆಗಾಗಿ ಭಾರತದ ಸ್ಟಾಂಪುಗಳ ಮೇಲೆ ‘ಭಾರತೀಯ ಸಂರಕ್ಷಾ ಕಟಕ ಕೊರಿಯಾ’ ಎಂದು ದೇವನಾಗರಿಯಲ್ಲಿ ಅಚ್ಚೊತ್ತಿದ್ದರು. ಕಾಂಗೋಕ್ಕೆ ಹೋದವರಿಗಾಗಿ 1962ರಲ್ಲಿ, ಗಾಜಾದಲ್ಲಿದ್ದವರಿಗಾಗಿ 1965ರಲ್ಲಿ ಹೀಗೆಯೇ ಪ್ರತ್ಯೇಕ ಮುದ್ರೆಯ ಸ್ಟಾಂಪುಗಳು ಬಂದವು. ಸಂಗ್ರಾಹಕರು ಇಂದು ಅವನ್ನು ಬೆಲೆ ಕೊಟ್ಟು ಕೊಳ್ಳುತ್ತಾರೆ. ಅವುಗಳ ಕೆಳಗಿದ್ದ ಲಕೋಟೆಯೊಳಗಿನ ಮಾತಿಗೆ ಬೆಲೆ ಕಟ್ಟುವವರಾರು?

ತಿಮ್ಮಯ್ಯನವರು ವಿಶ್ವಸಂಸ್ಥೆಯ ಪಡೆಯ ನಾಯಕರಾಗಿ ಸೈಪ್ರಸ್ಸಿನಲ್ಲಿದ್ದಾಗಲೇ, 1965ರ ಡಿಸೆಂಬರ್ 18ರಂದು ತೀರಿಕೊಂಡರು. 1987ರಿಂದ 1990ರ ವರೆಗೆ ಶ್ರೀಲಂಕೆಯಲ್ಲಿದ್ದ ನಮ್ಮ ಪಡೆ ಸುಮಾರು 1,200 ಜನರನ್ನು ಕಳೆದುಕೊಂಡಿತು. ಕಡಲಾಚೆಯ ಕೆಲಸ ಶಾಂತಿಯದೆಂದ ಮಾತ್ರಕ್ಕೆ ಅಪಾಯ ತಪ್ಪಿತೆಂದು ತಿಳಿಯಬಾರದು. ಮುಂದೆ ಲೆಬನಾನ್, ದಕ್ಷಿಣ ಸುಡಾನ್‌ಗಳಿಗೆ ಹೋದವರಿಗೂ ಇದೇ ಮಾತು.

ದುಂಡಸಿಯ ಒಂದು ಕಾಗದ

ಇನ್ನು ಕಾಗದ ಬರೆಯುವವರ ಕಡೆಗೆ ತಿರುಗೋಣ. ಹಾವೇರಿ ಜಿಲ್ಲೆಯ ಶಿಗ್ಗಾಂವಿ ತಾಲೂಕಿನಲ್ಲಿ ಮಲೆನಾಡಿನ ಸೆರಗಿಗೆ ತಾಗಿದ ಹೋಬಳಿಯ ಊರು ದುಂಡಸಿ. ಕನಕದಾಸರ ಬಾಡ, ಷರೀಫ ಸಾಹೇಬರ ಶಿಶುನಾಳ ಇದೇ ತಾಲೂಕಿನವು. ಈ ಸೀಮೆಯ ತರುಣರು ಬೆಳಗಾವಿಯ ದಾರಿ ಹಿಡಿದು ದಂಡಿಗೆ ಸೇರುವುದು ಹೊಸತೇನಲ್ಲ. ಇಂಥ ಊರುಗಳಲ್ಲಿ ಹಿಂದೆ ಅಕ್ಷರ ಬಾರದ ತಾಯಿ ಶಾಲೆಯ ಮಾಸ್ತರರನ್ನೋ ಅಂಚೆಯವನನ್ನೋ ಆಶ್ರಯಿಸಿ ಮಗನಿಗೆ ಕಾಗದ ಬರೆಯಿಸುವುದು ರೂಢಿ.

ಅವಳು ಹೇಳುವುದು ಹೀಗಿರುತ್ತದೆ: “ತಮ್ಮಾ, ಕರೀ ಎಮ್ಮಿ ಈದೈತಿ, ಹೆಣ್ಣ ಕರ. ಗೋವಿನಜ್ವಾಳ ಮೊಣಕಾಲಮಟ ಬಂದೈತಿ. ನಿನ್ನ ಮಗಳು ಗ್ವಾಡಿ ಹಿಡದು ನಿಂದರತಾಳ. ನೀ ಹೊತ್ತಿಗೆ ಸರಿಯಾಗಿ ಉಣ್ಣು.” ಮಾಸ್ತರರು ಬರೆಯುವುದು ಹೀಗೆ: “ಚಿರಂಜೀವಿಗೆ ಆಶೀರ್ವಾದಗಳು. ಇತ್ತ ನಾವೆಲ್ಲರೂ ಕ್ಷೇಮ. ನಿನ್ನ ಕ್ಷೇಮಕ್ಕೆ ಬರೆಯುತ್ತಿರುವುದು.” ಒಕ್ಕಣೆಯೇನೋ ಶುದ್ಧವಾಯಿತು, ಎಮ್ಮೆಯೂ ಮಗಳೂ ಎಲ್ಲಿ ಹೋದರು? ಮರಳುಗಾಡಿನಲ್ಲಿರುವ ಮಗನಿಗೆ ಬೇಕಾದದ್ದು ಆ ಎಮ್ಮೆ, ಆ ಗೋಡೆ, ಆ ಮೊಣಕಾಲುದ್ದದ ಪೈರು. ಆದುದರಿಂದ ಮತ್ತೊಬ್ಬರಿಗಾಗಿ ಪತ್ರ ಬರೆಯುವವರು ಮೊದಲು ಕಲಿಯಬೇಕಾದ ಪಾಠ ಇದು: ಹೇಳಿದವರ ಮಾತನ್ನು ಹೇಳಿದಂತೆಯೇ ಬರೆಯಬೇಕು.

ಹಬ್ಬಹುಣ್ಣಿಮೆಗಳಲ್ಲಿ ಪತ್ರದೊಡನೆ ಊರಿನ ಒಂದು ಕುರುಹನ್ನೂ ಇಡಬಹುದು. ನಮ್ಮ ಕಡೆ ಸಂಕ್ರಮಣಕ್ಕೆ ಲಕೋಟೆಯಲ್ಲಿ ಕುಸುರೆಳ್ಳು ಕಳಿಸುವ ಪದ್ಧತಿ ಇತ್ತು. ದಸರೆಯಲ್ಲಿ ಬಂಗಾರವೆಂದು ಕೊಟ್ಟು ಕೊಳ್ಳುವ ಬನ್ನಿಯ ಎರಡು ಎಲೆಗಳಿಗೆ ತೂಕವೆಷ್ಟು? ಮನೆಯಲ್ಲಿದ್ದವರಿಗೆ ಅದು ಎಲೆ. ದೂರದಲ್ಲಿದ್ದವನಿಗೆ ನಿಜಕ್ಕೂ ಬಂಗಾರವೇ.

ಕೆಟ್ಟ ಸುದ್ದಿಯನ್ನು ಬರೆಯಬೇಕೆ?

ಎಲ್ಲಕ್ಕಿಂತ ಕಠಿಣವಾದ ಪ್ರಶ್ನೆ ಇದು. ಮಳೆ ಕೈಕೊಟ್ಟಿದೆ, ತಂದೆ ಹಾಸಿಗೆ ಹಿಡಿದಿದ್ದಾರೆ, ದಾಯಾದಿಗಳು ಹೊಲದ ಬದು ಒತ್ತಿದ್ದಾರೆ. ಬರೆದರೆ ಮಗನಿಗೆ ನಿದ್ದೆಯಿಲ್ಲ. ಬರೆಯದಿದ್ದರೆ? “ಎಲ್ಲವೂ ಕ್ಷೇಮ” ಎಂಬ ಸಾಲನ್ನು ಓದಿ ಅವನು ನೆಮ್ಮದಿಯಾಗಿರುವನೆಂಬುದು ನಮ್ಮ ಭ್ರಮೆ. ರಜೆ ಮುಗಿಸಿ ಮರಳಿದ ನೆರೆಯೂರಿನ ಗೆಳೆಯನೊಬ್ಬ ಅರ್ಧ ಸುದ್ದಿ ಒಯ್ದಿರುತ್ತಾನೆ. ಉಳಿದರ್ಧವನ್ನು ಅವನ ಕಲ್ಪನೆಯೇ ತುಂಬುತ್ತದೆ, ಮತ್ತು ಕಲ್ಪನೆಯು ಸತ್ಯಕ್ಕಿಂತ ಕ್ರೂರಿ. ಅಷ್ಟೇ ಅಲ್ಲ, ಒಮ್ಮೆ ಮುಚ್ಚಿಟ್ಟದ್ದು ತಿಳಿದ ಮೇಲೆ ಮುಂದಿನ ಯಾವ ಕ್ಷೇಮ ಸಮಾಚಾರವನ್ನೂ ಅವನು ನಂಬಲಾರ.

ಆದುದರಿಂದ ಸತ್ಯವನ್ನು ಬರೆಯುವುದೇ ಲೇಸು. ಆದರೆ ಬರಿಯ ಕಷ್ಟವನ್ನು ಬರೆಯದೆ ಅದಕ್ಕೆ ಮಾಡಿದ ಉಪಾಯವನ್ನೂ ಬರೆಯಬೇಕು. ತಂದೆಗೆ ಜ್ವರ ಎಂದು ಬರೆದು ನಿಲ್ಲಿಸಿದರೆ ಅದು ಬಾಣ. ಜ್ವರ ಬಂದಿತ್ತು, ಹುಬ್ಬಳ್ಳಿಯ ಡಾಕ್ಟರರಿಗೆ ತೋರಿಸಿದೆವು, ಈಗ ಗಂಜಿ ಕುಡಿಯುತ್ತಿದ್ದಾರೆ ಎಂದು ಬರೆದರೆ ಅದು ಸಮಾಚಾರ. ಹೊಲದ ತಂಟೆಯಿದ್ದರೆ ಜಿಲ್ಲೆಯ ಸೈನಿಕ ಕಲ್ಯಾಣ ಕಚೇರಿಗೆ ಅರ್ಜಿ ಕೊಟ್ಟು, ಕೊಟ್ಟಿದ್ದೇವೆಂದು ತಿಳಿಸಬೇಕು. ವಿಶೇಷ ಪರಿಸ್ಥಿತಿಯಲ್ಲಿ ಸೇವೆ ಸಲ್ಲಿಸುತ್ತಿರುವ ಸೈನಿಕನ ಬೆನ್ನ ಹಿಂದೆ ಅವನ ಮೇಲಿನ ದಾವೆ ತೀರ್ಮಾನವಾಗದಂತೆ ತಡೆಯಲು 1925ರಷ್ಟು ಹಿಂದೆಯೇ ಸೈನಿಕರ ದಾವೆಗಳ ಕಾಯಿದೆ ಆಗಿದೆ. ಇದನ್ನು ತಿಳಿದವರು ತಿಳಿಯದವರಿಗೆ ಹೇಳುವುದೂ ಒಂದು ದೇಶಸೇವೆ.

ಒಂದು ಮಾತು ಮಾತ್ರ ಬರೆಯತಕ್ಕದ್ದಲ್ಲ: “ನೀನಿದ್ದಿದ್ದರೆ ಹೀಗಾಗುತ್ತಿರಲಿಲ್ಲ.” ಬರುವ ಸ್ವಾತಂತ್ರ್ಯವಿಲ್ಲದವನಿಗೆ ಬರಲಿಲ್ಲವೆಂಬ ದೂರನ್ನು ಹೊರಿಸುವುದು ನ್ಯಾಯವಲ್ಲ.

ಪರಿಚಯವಿಲ್ಲದವನಿಗೆ

ರಕ್ಷಾಬಂಧನದ ಸಮಯದಲ್ಲಿ ಶಾಲೆಯ ಮಕ್ಕಳು ಹೆಸರರಿಯದ ಸೈನಿಕರಿಗೆ ರಾಖಿ, ಪತ್ರಗಳನ್ನು ಕಳಿಸುತ್ತಾರೆ. ಒಳ್ಳೆಯ ಪದ್ಧತಿ. ಆದರೆ ಕರಿಹಲಗೆಯ ಮೇಲೆ ಬರೆದ ಒಂದೇ ಒಕ್ಕಣೆಯನ್ನು ನಲವತ್ತು ಮಕ್ಕಳು ನಕಲು ಮಾಡಿದರೆ ಅದು ಶಾಲೆಯ ಅಭ್ಯಾಸವಾದೀತೇ ಹೊರತು ಪತ್ರವಾಗಲಾರದು. “ನಮ್ಮ ಬಾವಿಯಲ್ಲಿ ಆಮೆ ಇದೆ. ನಿಮ್ಮಲ್ಲಿ ಆಮೆ ಇದೆಯೇ?” ಎಂದು ಒಂದು ಮಗು ತಾನಾಗಿ ಕೇಳಿದರೆ ಉತ್ತರ ಬರೆಯದ ಸಿಪಾಯಿ ಯಾರಿದ್ದಾನು?

ಈಗ ಎಲ್ಲರ ಕೈಯಲ್ಲೂ ಮೊಬೈಲ್ ಫೋನು. ಪತ್ರವೇತಕ್ಕೆ ಎಂದು ಕೇಳುವವರುಂಟು. ಫೋನಿನ ಮಾತು ಕಿವಿಗೆ ಹಬ್ಬ, ಸಂಶಯವಿಲ್ಲ. ಆದರೆ ಅದನ್ನು ಮಡಿಸಿ ಜೇಬಿನಲ್ಲಿಡಲು ಬರುವುದಿಲ್ಲ. ಎಲ್ಲ ನೆಲೆಗಳಲ್ಲೂ ಫೋನು ಸಿಗುವುದಿಲ್ಲ, ಸಿಕ್ಕಲ್ಲಿ ಬಳಸುವ ಅಪ್ಪಣೆಯೂ ಎಲ್ಲ ಸಮಯದಲ್ಲಿರುವುದಿಲ್ಲ. ಕಾಗದವಾದರೋ ರಾತ್ರಿಯ ಪಹರೆ ಮುಗಿಸಿದವನು ಹತ್ತನೆಯ ಸಲ ಬಿಚ್ಚಿದರೂ ಅದೇ ಅಕ್ಷರ, ಅದೇ ಮಾತು.

ವಿಳಾಸ ಬರೆಯುವ ಕ್ರಮವೂ ಸುಲಭ. ಸೈನಿಕನ ನಂಬರು, ಹುದ್ದೆ, ಹೆಸರು, ಅವನ ದಳ; ಕೆಳಗೆ ‘56 ಎ.ಪಿ.ಓ.’ ಅಥವಾ ‘99 ಎ.ಪಿ.ಓ.’ ಎಂಬ ಸೈನ್ಯದ ಅಂಚೆಯ ಗುರುತು, ಜೊತೆಗೆ 9ರಿಂದ ಆರಂಭವಾಗುವ ಪಿನ್ ಸಂಖ್ಯೆ. ಅವನಿರುವ ಸ್ಥಳದ ಹೆಸರನ್ನು ವಿಳಾಸದಲ್ಲಿ ಬರೆಯತಕ್ಕದ್ದಲ್ಲ. ಅವನು ಎಲ್ಲಿದ್ದಾನೆಂಬುದನ್ನು ಅಂಚೆಯವರು ಬಲ್ಲರು. ಬಂಧುಗಳಲ್ಲಿಯೋ ನೆರೆಹೊರೆಯಲ್ಲಿಯೋ ದಂಡಿಗೆ ಹೋದವನೊಬ್ಬನಿದ್ದರೆ, ಈ ವಾರದ ಧಾರಾವಾಹಿಯನ್ನು ಓದಿ ಮುಗಿಸಿದ ಮೇಲೆ ಅವನ ಮನೆಯವರನ್ನು ಕೇಳಿ ಆ ವಿಳಾಸವನ್ನು ಬರೆದುಕೊಳ್ಳಿರಿ. ಏನು ಬರೆಯಲೆಂದು ಬಹಳ ಯೋಚಿಸಬೇಕಾಗಿಲ್ಲ. ಊರಿನಲ್ಲಿ ಮಳೆಯಾಯಿತೇ ಇಲ್ಲವೇ ಎಂಬುದರಿಂದ ಆರಂಭಿಸಿದರೆ ಸಾಕು.