ಪುಟ್ಟ ಮಕ್ಕಳ ಬಟ್ಟೆ: ಬೀರು ತುಂಬುವುದಕ್ಕಲ್ಲ, ಮೈಗೆ ಹಿತವಾಗಲಿಕ್ಕೆ

ಮಗುವಿಗೆ ಬಟ್ಟೆ ಎಷ್ಟಿದ್ದರೂ ಸಾಲದು ಎನ್ನುತ್ತೀರಾ? ಹಾಗಾದರೆ ಒಮ್ಮೆ ಬೀರುವಿನ ಬಾಗಿಲು ತೆಗೆದು ನೋಡಿ. ನಾಮಕರಣಕ್ಕೆ ಬಂದದ್ದು, ಹುಟ್ಟುಹಬ್ಬಕ್ಕೆ ಸೋದರಮಾವ ತಂದದ್ದು, ಜಾತ್ರೆಯಲ್ಲಿ ಆಸೆಪಟ್ಟು ಕೊಂಡದ್ದು, ಎಲ್ಲಾ ಸೇರಿ ಹತ್ತಾರು ಜೊತೆ ಮಡಿಸಿಟ್ಟಿರುತ್ತವೆ. ದಿನಾ ಮಗುವಿನ ಮೈಮೇಲೆ ಕಾಣುವುದು ಮಾತ್ರ ಅದೇ ಮೂರು ಹಳೆಯ ಅಂಗಿಗಳು. ಉಳಿದವು ಚುಚ್ಚುತ್ತವೆ, ಸೆಕೆಯಾಗುತ್ತವೆ, ಇಲ್ಲವೇ ಹಾಕುವಷ್ಟರಲ್ಲಿ ಗಿಡ್ಡವಾಗಿರುತ್ತವೆ.

ಮದುವೆಮನೆಯ ದೃಶ್ಯ ನಿಮಗೆ ಗೊತ್ತೇ ಇದೆ. ಏಪ್ರಿಲ್ ತಿಂಗಳು, ಮಟಮಟ ಮಧ್ಯಾಹ್ನ, ಛತ್ರದ ತುಂಬ ಜನ. ಎರಡು ವರ್ಷದ ಕೂಸಿಗೆ ನೈಲಾನ್ ಬಲೆಯ ಫ್ರಾಕು, ಅದರೊಳಗೆ ಗರಿಗರಿ ಅಸ್ತರು, ತಲೆಗೆ ಬಿಗಿಯಾದ ಪಟ್ಟಿ. ಮುಹೂರ್ತದ ಹೊತ್ತಿಗೆ ಅದು ಕಿರುಚಿ ಅಳುತ್ತಿರುತ್ತದೆ. "ದೃಷ್ಟಿಯಾಯಿತು" ಎಂದು ಯಾರೋ ಉಪ್ಪು ನಿವಾಳಿಸುತ್ತಾರೆ. ಕತ್ತಿನ ಹಿಂದೆ, ಕಂಕುಳಲ್ಲಿ, ಬೆನ್ನಿನ ಮೇಲೆ ಕೆಂಪಗೆ ಎದ್ದಿರುವ ಬೆವರುಸಾಲೆ ಕಾಣುವುದು ಮನೆಗೆ ಬಂದು ಫ್ರಾಕು ಬಿಚ್ಚಿದ ಮೇಲೆಯೇ.

ಬೆವರುಸಾಲೆ ಎಂದರೆ ಮತ್ತೇನೂ ಅಲ್ಲ, ಬೆವರು ಹೊರಬರುವ ಸಣ್ಣ ಸಣ್ಣ ನಾಳಗಳು ಮುಚ್ಚಿಕೊಂಡು ಬೆವರು ಚರ್ಮದೊಳಗೇ ಉಳಿಯುವುದು. ಗಾಳಿಯಾಡದ ಬಟ್ಟೆ ಅದಕ್ಕೆ ನೇರ ಕಾರಣ. ಮೇಲಿನಿಂದ ಪೌಡರನ್ನು ಸುರಿದರೆ ಬೆವರಿನ ಜೊತೆ ಸೇರಿ ಹಿಟ್ಟಿನಂತೆ ಅಂಟಿಕೊಳ್ಳುತ್ತದೆ, ಮಗು ಅದರ ಧೂಳನ್ನು ಉಸಿರಾಡುವುದೂ ಒಳ್ಳೆಯದಲ್ಲ. ತಣ್ಣೀರಿನಲ್ಲಿ ಮೈ ಒರೆಸಿ, ಒಂದು ಗಂಟೆ ಬರಿಮೈಯಲ್ಲಿ ಆಡಲು ಬಿಡಿ, ಸಾಕು. ಕೀವು ಕಂಡರೆ ಅಥವಾ ಜ್ವರ ಬಂದರೆ ಮಾತ್ರ ಡಾಕ್ಟರ ಹತ್ತಿರ ಹೋಗಲೇಬೇಕು.

ನಮ್ಮ ತೆರಕಣಾಂಬಿ, ಗುಂಡ್ಲುಪೇಟೆ ಕಡೆ ಮಂಗಳೂರಿನ ಹಾಗೆ ವರ್ಷವಿಡೀ ಜಿಗುಟು ಸೆಕೆ ಇಲ್ಲ, ನಿಜ. ಆದರೆ ಇಲ್ಲಿಯ ಹವೆಯದ್ದು ಬೇರೆಯೇ ತಮಾಷೆ. ಮಾರ್ಚಿನಿಂದ ಬಿಸಿಲು ಏರುತ್ತದೆ. ಮೇ ತಿಂಗಳ ಮಳೆ ಬಿದ್ದ ಮಾರನೇ ದಿನ ನೆಲದಿಂದ ಆವಿ ಎದ್ದು ಮೈ ಅಂಟುತ್ತದೆ. ಸೆಪ್ಟೆಂಬರ್, ಅಕ್ಟೋಬರಿನಲ್ಲಿ ಮತ್ತೆ ಜೋರು ಮಳೆ. ಡಿಸೆಂಬರಿನ ಬೆಳಗಿನ ಜಾವ ಹಲ್ಲು ಕಡಿಯುವ ಚಳಿ, ಅದೇ ದಿನ ಮಧ್ಯಾಹ್ನ ಅಂಗಳದಲ್ಲಿ ಕಾಲಿಡಲಾಗದ ಬಿಸಿಲು. ಇಂಥ ಕಡೆ ಒಂದೇ ದಪ್ಪ ಬಟ್ಟೆಗಿಂತ ಒಂದರ ಮೇಲೊಂದು ಹಾಕಿ ತೆಗೆಯುವಂಥ ತೆಳು ಬಟ್ಟೆಗಳೇ ವಾಸಿ.

ಮೊದಲು ಬಟ್ಟೆಯ ಮಾತು. ಮಲ್, ವಾಯಿಲ್, ತೆಳು ಪಾಪ್ಲಿನ್, ಒಗೆದು ಮೆತ್ತಗಾದ ಖಾದಿ ಇವು ಬೆವರನ್ನು ಹೀರುತ್ತವೆ. ಖಾದಿ ಎಂದರೆ ದೂರದ ಮಾತೇನಲ್ಲ. ಗಾಂಧೀಜಿ ಬಂದು ನೋಡಿಹೋದ ನೂಲುವ ಕೇಂದ್ರ ಪಕ್ಕದ ನಂಜನಗೂಡು ತಾಲ್ಲೂಕಿನ ಬದನವಾಳಿನಲ್ಲೇ ಇರುವುದು. ರಂಗಕರ್ಮಿ ಪ್ರಸನ್ನ ಅವರು 2015ರಲ್ಲಿ ಸತ್ಯಾಗ್ರಹ ನಡೆಸಿದ ಊರೂ ಅದೇ. ಹೊಸ ಖಾದಿ ಒರಟಾಗಿದ್ದರೆ ನಾಲ್ಕಾರು ಸಲ ಒಗೆದ ಮೇಲೆ ಮಗುವಿಗೆ ಹೊಲಿಯಿರಿ.

ಅಂಗಡಿಯಲ್ಲಿ "ಪ್ಯೂರ್ ಕಾಟನ್ ಅಕ್ಕಾ" ಎಂದು ಎಲ್ಲರೂ ಹೇಳುತ್ತಾರೆ. ಮೊಬೈಲಿನಲ್ಲಿ ತರಿಸುವುದರಲ್ಲಂತೂ ಬಟ್ಟೆಯನ್ನು ಮುಟ್ಟಿ ನೋಡುವ ಭಾಗ್ಯವೂ ಇಲ್ಲ. ಮನೆಗೆ ತಂದ ಮೇಲೆ ಒಂದು ಹನಿ ನೀರು ಹಾಕಿ ನೋಡಿ. ಒಗೆದ ಹತ್ತಿ ಬಟ್ಟೆ ಅದನ್ನು ಬೇಗ ಕುಡಿಯುತ್ತದೆ, ನೈಲಾನಿನ ಮೇಲೆ ಹನಿ ನಿಲ್ಲುತ್ತದೆ. ಇನ್ನೂ ಅನುಮಾನವಿದ್ದರೆ ಮಗು ಹತ್ತಿರವಿಲ್ಲದಾಗ ಒಂದು ಎಳೆಯನ್ನು ಚಿಮುಟದಲ್ಲಿ ಹಿಡಿದು ಸುಡಿ. ಹತ್ತಿಯಾದರೆ ಕಾಗದ ಸುಟ್ಟ ವಾಸನೆ ಬಂದು ಬೂದಿಯಾಗುತ್ತದೆ. ಕೃತಕ ನೂಲು ಕರಗಿ ಗಟ್ಟಿ ಮಣಿಯಾಗುತ್ತದೆ. ಹೀಗೆ ಕರಗಿದ್ದು ಚರ್ಮಕ್ಕೆ ಅಂಟಿಕೊಂಡರೆ ಏನು ಗತಿ, ಯೋಚಿಸಿ. ಹತ್ತಿಯೂ ಹೊತ್ತಿಕೊಳ್ಳುತ್ತದೆ ಅನ್ನಿ. ಆದ್ದರಿಂದ ಜೋಲಾಡುವ ಯಾವ ಫ್ರಾಕಿನಲ್ಲೂ ಮಗುವನ್ನು ಒಲೆಯ ಹತ್ತಿರ ಬಿಡಬೇಡಿ.

ಎಲ್ಲಕ್ಕಿಂತ ಒಳ್ಳೆಯ ಬಟ್ಟೆ ನಿಮ್ಮ ಮನೆಯಲ್ಲೇ ಇದೆ. ಮನೆಯವರ ಹಳೆಯ ಪಂಚೆ, ಅತ್ತೆಯವರ ಸವೆದ ನೂಲಿನ ಸೀರೆ. ಒಂದು ಪಂಚೆಯಲ್ಲಿ ಎರಡು ವರ್ಷದ ಮಗುವಿಗೆ ನಾಲ್ಕು ತೋಳಿಲ್ಲದ ಅಂಗಿ ಆರಾಮವಾಗಿ ಆಗುತ್ತವೆ. ಸವೆದು ತೆಳುವಾದ ಮಧ್ಯಭಾಗ ಬಿಟ್ಟು, ಗಟ್ಟಿಯಿರುವ ಅಂಚಿನ ಕಡೆಯಿಂದ ಕತ್ತರಿಸಿ. ಹೊಸ ಬಟ್ಟೆಯಾದರೆ ಹಿಂದಿನ ರಾತ್ರಿಯೇ ನೆನೆಹಾಕಿ ಒಣಗಿಸಿಕೊಳ್ಳಿ. ಇಲ್ಲದಿದ್ದರೆ ಮೊದಲ ಒಗೆತಕ್ಕೇ ಕುಗ್ಗಿ ನಿಮ್ಮ ಶ್ರಮವೆಲ್ಲ ನೀರುಪಾಲು.

ಇಲ್ಲೊಂದು ಲೆಕ್ಕ ಕೇಳಿ. ಮಗು ಎರಡನೇ ವರ್ಷದಲ್ಲಿ ಸುಮಾರು 12 ಸೆಂಟಿಮೀಟರ್ ಬೆಳೆಯುತ್ತದೆ, ಮೂರನೆಯದರಲ್ಲಿ 8 ಅಥವಾ 9. ಆದರೆ ಸೊಂಟದ ಸುತ್ತಳತೆ ಅಷ್ಟಾಗಿ ಹೆಚ್ಚುವುದಿಲ್ಲ, ಮೊದಲಿನ ದುಂಡು ಹೊಟ್ಟೆ ಕರಗುತ್ತಾ ಬರುತ್ತದೆ. ಅಂದರೆ ಬಟ್ಟೆ ಸಾಲದೆ ಹೋಗುವುದು ಉದ್ದದಲ್ಲಿ, ಅಗಲದಲ್ಲಲ್ಲ. ಹಾಗಿದ್ದೂ ನಾವು "ಬೆಳೆಯುವ ಮಗು" ಎಂದು ಎಲ್ಲ ಕಡೆಯೂ ದೊಗಳೆಯಾಗಿ ತರುತ್ತೇವೆ. ಭುಜದಿಂದ ಜಾರುವ ಅಂಗಿ, ಕಾಲಿಗೆ ಸಿಕ್ಕಿ ಬೀಳಿಸುವ ಪ್ಯಾಂಟು! ಅದರ ಬದಲು ಮೈಗೆ ತುಸು ಸಡಿಲವಾಗಿ ಹೊಲಿದು, ಕೆಳಅಂಚಿನಲ್ಲಿ ಎರಡು ಮೂರು ಅಂಗುಲ ಒಳಮಡಿಕೆ ಬಿಡಿ. ಭುಜದ ಪಟ್ಟಿಗೆ ಮೇಲೊಂದು ಕೆಳಗೊಂದು ಎರಡು ಕಾಜಾ ಇಡಿ. ಮಡಿಕೆ ಬಿಚ್ಚುತ್ತಾ ಹೋದರೆ ಒಂದೇ ಫ್ರಾಕು ಮುಂದಿನ ವರ್ಷ ಅಂಗಿಯಂತೆ ಚಡ್ಡಿಯ ಮೇಲೆ ಬರುತ್ತದೆ.

ಎಷ್ಟು ಬೇಕು? ನನ್ನ ಅಂದಾಜು ಹೇಳುತ್ತೇನೆ. ತೋಳಿಲ್ಲದ ಅಂಗಿ ಆರು, ಚಡ್ಡಿ ಎಂಟು (ಒದ್ದೆ ಮಾಡಿಕೊಳ್ಳುವ ವಯಸ್ಸು, ಇನ್ನೆರಡಿದ್ದರೂ ಬೇಡವೆನ್ನಬೇಡಿ), ತುಂಬುತೋಳಿನ ತೆಳು ಅಂಗಿ ಮತ್ತು ಪೈಜಾಮ ಮೂರು ಜೊತೆ, ತೋಳಿಲ್ಲದ ಸ್ವೆಟರ್ ಒಂದು, ಬಿಸಿಲಿಗೆ ಅಗಲ ಅಂಚಿನ ಬಟ್ಟೆಯ ಟೋಪಿ ಒಂದು. ಹಬ್ಬಕ್ಕೊಂದು ಜೊತೆ. ಅದು ಕೊಳ್ಳೇಗಾಲದ ರೇಷ್ಮೆಯೇ ಆಗಲಿ, ಬೇಡವೆನ್ನುವುದಿಲ್ಲ. ಒಳಗೊಂದು ಮಲ್ ಬಟ್ಟೆಯ ಅಂಗಿ ಹಾಕಿ, ಫೋಟೋ ತೆಗೆದಾದ ಮೇಲೆ ಬಿಚ್ಚಿಬಿಡಿ. ಮೇಲು ಕೆಳಗಿನ ಬಣ್ಣ ಯಾವುದಕ್ಕೆ ಯಾವುದಾದರೂ ಒಪ್ಪುವಂತೆ ಆರಿಸಿದರೆ ಇಷ್ಟರಲ್ಲೇ ದಿನಕ್ಕೊಂದು ಹೊಸ ಜೊತೆ.

ತುಂಬುತೋಳು ಸೆಕೆಯಲ್ಲಿ ಯಾಕೆ ಎನ್ನುತ್ತೀರೇನೋ. ಸೊಳ್ಳೆಗೆ! ಡೆಂಗ್ಯೂ ಹರಡುವ ಸೊಳ್ಳೆ ಕಚ್ಚುವುದು ಹಗಲಿನಲ್ಲಿ. ಮಳೆಗಾಲದಲ್ಲಿ ಹೊರಗೆ ಆಡುವ ಮಗುವಿಗೆ ತಿಳಿಬಣ್ಣದ ವಾಯಿಲ್ ಪೈಜಾಮ ಹಾಕಿದರೆ ಸೆಕೆಯೂ ಆಗದು, ಕಾಲೂ ಮುಚ್ಚಿರುತ್ತದೆ.

ಇನ್ನು ಎಲ್ಲ ಮನೆಗಳ ಜಗಳ. "ಕೂಸಿಗೆ ಶೀತವಾಗ್ತದೆ ಕಣವ್ವ, ಟೋಪಿ ಹಾಕು" ಎಂದು ಅಜ್ಜಿ. ಹಿರಿಯರ ಮಾತಿನಲ್ಲಿ ಹುರುಳಿಲ್ಲವೆಂದಲ್ಲ. ಆಗತಾನೆ ಹುಟ್ಟಿದ ಕೂಸು ಮೈಶಾಖವನ್ನು ಬೇಗ ಕಳೆದುಕೊಳ್ಳುತ್ತದೆ, ಅದಕ್ಕೆ ಕುಲಾವಿ ಬೇಕೇ ಬೇಕು. ಆದರೆ ಮನೆತುಂಬ ಓಡಾಡುವ ಎರಡು ವರ್ಷದ ಪೋರನಿಗೆ ಅದೇ ನಿಯಮ ಹೊಂದುವುದಿಲ್ಲ. ಕೈಕಾಲು ತಣ್ಣಗಿದೆಯೆಂದು ಹೊದಿಸಬೇಡಿ, ಕತ್ತಿನ ಹಿಂಭಾಗ ಮುಟ್ಟಿ ನೋಡಿ. ಅಲ್ಲಿ ಬೆವರಿದ್ದರೆ ಒಂದು ಬಟ್ಟೆ ಹೆಚ್ಚಾಗಿದೆ ಎಂದೇ ಅರ್ಥ. ಜ್ವರ ಬಂದಾಗಲಂತೂ ಸ್ವೆಟರು, ಟೋಪಿ, ಕಂಬಳಿ ಎಲ್ಲ ಹೇರುವುದು ಅಪಾಯ. ಒಳಗಿನ ಶಾಖ ಹೊರಹೋಗಲು ದಾರಿಯಿಲ್ಲದೆ ಜ್ವರ ಇನ್ನೂ ಏರುತ್ತದೆ. ತೆಳು ಅಂಗಿಯೊಂದು ಸಾಕು. ಅತ್ತೆಯವರಿಗೆ ಎದುರು ವಾದಿಸುವ ಬದಲು ಅವರ ಕೈಯನ್ನೇ ಮಗುವಿನ ಕತ್ತಿಗೆ ಮುಟ್ಟಿಸಿ ನೋಡಿ, ಅವರೇ ಟೋಪಿ ತೆಗೆಯುತ್ತಾರೆ.

ಟೋಪಿಗೆ, ಕತ್ತಿಗೆ ಉದ್ದದ ಲಾಡಿ ಬೇಡ, ಜೋಕಾಲಿಗೋ ಕಿಟಕಿಯ ಕಂಬಿಗೋ ಸಿಕ್ಕಿಕೊಂಡರೆ ಕುತ್ತಿಗೆಗೇ ಬಿಗಿಯುತ್ತದೆ. ಗುಂಡಿಗಳನ್ನು ಎಳೆದು ಪರೀಕ್ಷಿಸಿ, ಕಿತ್ತುಬಂದ ಗುಂಡಿ ಸೀದಾ ಹೋಗುವುದು ಬಾಯಿಗೆ. ಚಡ್ಡಿಯ ಎಲಾಸ್ಟಿಕ್ ಕೆಂಪು ಗೆರೆ ಮೂಡಿಸುತ್ತಿದ್ದರೆ ಬದಲಿಸಿ. ಉಡಿದಾರವನ್ನೂ ತಿಂಗಳಿಗೊಮ್ಮೆ ನೋಡಿ, ಎರಡು ಬೆರಳು ಸಲೀಸಾಗಿ ತೂರಬೇಕು.

ಮಳೆಗಾಲದಲ್ಲಿ ಒಣಗದ ಬಟ್ಟೆಯೇ ದೊಡ್ಡ ತಲೆನೋವು. ಸೋಪಿನ ಅಂಶ ಉಳಿಯದಂತೆ ಎರಡು ನೀರಿನಲ್ಲಿ ಜಾಲಿಸಿ, ಒಳಮೈ ಹೊರಗೆ ಮಾಡಿ ಹರವಿ. ಮುಗ್ಗಲು ವಾಸನೆ ಬಂದಿದ್ದರೆ ಹಾಗೇ ಹಾಕಬೇಡಿ. ಹೊಲಿಗೆಯ ಜಾಗದಲ್ಲಿ ತೇವ ಉಳಿದಿರುತ್ತದೆ, ಇಸ್ತ್ರಿಪೆಟ್ಟಿಗೆಯನ್ನು ಅಲ್ಲಿ ಒಂದು ಕ್ಷಣ ಹೆಚ್ಚು ಒತ್ತಿ.

ಮಗುವನ್ನು ಕರೆದುಕೊಂಡು ಹಿಮವದ್ ಗೋಪಾಲಸ್ವಾಮಿ ಬೆಟ್ಟಕ್ಕೆ ಹೋಗುವವರಿಗೆ ಒಂದು ಮಾತು. ಬೆಟ್ಟ 1454 ಮೀಟರ್ ಎತ್ತರ. ಕೆಳಗೆ ಬಿಸಿಲಿದ್ದರೂ ಮೇಲೆ ಮಂಜು ಮುಸುಕಿರಬಹುದು. ಸ್ವಂತ ವಾಹನ ತಪ್ಪಲಿನಲ್ಲೇ ನಿಲ್ಲಿಸಿ ಸರ್ಕಾರಿ ಬಸ್ಸು ಹತ್ತಬೇಕಾದ್ದರಿಂದ, ಸ್ವೆಟರು ಕಾರಿನಲ್ಲೇ ಉಳಿದರೆ ಮೇಲೆ ಪೇಚಾಟ. ಮೈಮೇಲೆ ತೋಳಿಲ್ಲದ ಅಂಗಿ ಇರಲಿ. ಕೈಚೀಲದಲ್ಲಿ ತುಂಬುತೋಳಿನದೊಂದು, ಸ್ವೆಟರು, ಟೋಪಿ, ಎರಡು ಚಡ್ಡಿ. ಹಿಂದಿನ ರಾತ್ರಿಯೇ ಜೋಡಿಸಿಡಿ. ಹೊರಡುವ ಗಡಿಬಿಡಿಯಲ್ಲಿ ಮರೆತುಹೋಗುವುದು ಯಾವಾಗಲೂ ಆ ಎರಡನೇ ಚಡ್ಡಿಯೇ.